ಚಿಕ್ಕಣ್ಣನವರ ವೆಬ್‌ಸೈಟಿನ ಎರಡು ದೀಪಗಳು

ಬಸವೇಶ್ವರನಗರದ ಷಾಮಿಯಾನ ಚಿಕ್ಕಣ್ಣನವರಿಗೆ ತಮಗೊಂದು ವೆಬ್‌ಸೈಟ್ ಬೇಕು ಅನ್ನಿಸಿದ್ದು ಬಾಯಲ್ಲಿ ಅರ್ಧ ಮೈಸೂರುಪಾಕು ಇದ್ದಾಗ. ಆ ಅರ್ಧವನ್ನು ಕಚ್ಚುವುದಕ್ಕೆ ಮುಂಚೆ ಅವರಿಗೆ ಅಂಥ ಯಾವ ಆಸೆಯೂ ಇರಲಿಲ್ಲ ಎಂಬುದನ್ನು ಅವರ ಪರವಾಗಿ ಮೊದಲೇ ಹೇಳಿಬಿಡುವುದು ನ್ಯಾಯ.

ಮಗಳು ದಿವ್ಯಳನ್ನು ನೋಡಲು ಕೆಂಗೇರಿ ಉಪನಗರದಿಂದ ಬೈರಯ್ಯನವರು ಹೆಂಡತಿಯನ್ನೂ ಮಗ ರೇವಂತನನ್ನೂ ಕರೆದುಕೊಂಡು ಬಂದಿದ್ದರು. ನಲ್ಲಿ, ಷವರ್, ಸಿಂಕು ಮಾರುವ ದೊಡ್ಡ ಅಂಗಡಿ ಅವರದು. ಹುಡುಗ ಹುಡುಗಿ ಕಾಫಿ ಲೋಟ ಕೈ ಬದಲಾಗುವಷ್ಟರಲ್ಲೇ ಒಪ್ಪಿಯಾಗಿತ್ತು. ಇನ್ನು ದೊಡ್ಡವರು ಒಪ್ಪಬೇಕು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬೈರಯ್ಯನವರು ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಮೈಸೂರುಪಾಕಿನ ತಟ್ಟೆಯ ಪಕ್ಕ ಇಟ್ಟರು.

"ಕೆಳಗಿನ ಸಾಲು ನೋಡಿ. ಡಬ್ಲ್ಯೂ ಡಬ್ಲ್ಯೂ ಅಂತ ಇದೆಯಲ್ಲ, ಅದು ನಮ್ಮ ವೆಬ್‌ಸೈಟು. ನಮ್ಮ ಅಂಗಡಿ, ನಮ್ಮ ಮನೆತನ ಎಲ್ಲಾ ಅದರಲ್ಲಿದೆ. ನಿಮ್ದು ಯಾವುದು?"

ಇಪ್ಪತ್ತೈದು ವರ್ಷ ರಾಜಾಜಿನಗರ, ವಿಜಯನಗರದ ಮದುವೆಗಳಿಗೆಲ್ಲಾ ಕಂಬ, ಕುರ್ಚಿ, ಕೊಳದಪ್ಪಲೆ ಕಳಿಸಿಕೊಟ್ಟ ಮನುಷ್ಯ ಒಂದು ಸಾಲಿಗೆ ಸೋಲುವುದುಂಟೆ?

"ನಮ್ದೂ ರೆಡಿ ಆಗ್ತಾ ಇದೆ ಬೀಗ್ರೆ" ಎಂದುಬಿಟ್ಟರು. ಇನ್ನೂ ಆಗದ ವೆಬ್‌ಸೈಟಿನ ಬಗ್ಗೆ, ಇನ್ನೂ ಆಗದ ಬೀಗರಿಗೆ ಹೇಳಿದ ಮಾತು ಅದು.

"ಯಾರು ಮಾಡ್ತಾ ಇದಾರೆ?"

ಅದೇ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ, ಹೆಗಲಿಗೆ ಬ್ಯಾಗು ಹಾಕಿಕೊಂಡು ಮಹಡಿಯ ಬಾಡಿಗೆ ಮನೆಗೆ ಹತ್ತುತ್ತಿದ್ದ ಹನುಮೇಶ ಕಾಣಿಸಿದ. "ಅಗೋ, ನಮ್ಮ ಕಂಪ್ಯೂಟರ್ ಇಂಜಿನಿಯರ್ ಬಂದ್ರು!" ಎಂದು ಚಿಕ್ಕಣ್ಣನವರು ಕೂಗಿದರು. ಹನುಮೇಶ ತನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಈ ಹನುಮೇಶ ಕೊಪ್ಪಳದ ಕಡೆಯವನು. ನಾಯಂಡಹಳ್ಳಿಯ ಪೈಪಿನ ಗೋಡೌನಿನಲ್ಲಿ ಬಿಲ್ಲು ಬರೆಯುವ ಕೆಲಸ. ಸಂಜೆ ವಿಜಯನಗರದಲ್ಲಿ ಕಂಪ್ಯೂಟರ್ ಕ್ಲಾಸು. ಮನೆ ಮಾಲೀಕರು ಏನು ಕೇಳಿದರೂ "ಇಲ್ಲ" ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. "ಭಾನುವಾರಕ್ಕೆ ರೆಡಿ ಇರುತ್ತಾ, ಏನಪ್ಪಾ?" ಎಂದು ಬೈರಯ್ಯನವರು ಕೇಳಿದಾಗಲೂ ಅವನು "ನೋಡೋಣ್ರಿ" ಎಂದ. ಅವನ ಕಡೆ ಅದಕ್ಕೆ "ಆಗಲಿಕ್ಕಿಲ್ಲ" ಎಂದೇ ಅರ್ಥವಂತೆ. ಬೈರಯ್ಯನವರು ಮಾತ್ರ ತಲೆ ಆಡಿಸಿದರು.

"ಸರಿ ಹಾಗಾದ್ರೆ. ಭಾನುವಾರ ಬೆಳಿಗ್ಗೆ ಮನೆಯೋರೆಲ್ಲಾ ಕೂತು ನೋಡ್ತೀವಿ. ಹಿಡಿಸಿದ್ರೆ ಅವತ್ತೇ ಬಂದು ತಾಂಬೂಲ ಬದಲಾಯಿಸ್ಕೊಳ್ಳೋಣ. ಇಲ್ಲಾಂದ್ರೆ ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ, ರಾಮನಗರದ್ದೂ ಒಂದು ಸಂಬಂಧ ಇದೆ."

ಅವರು ಹೊರಟ ಮೇಲೆ ದಿವ್ಯ ಮೆಟ್ಟಿಲ ಕೆಳಗೆ ನಿಂತು ಹೇಳಿದಳು: "ಹನುಮೇಶಣ್ಣ, ರಾಮನಗರದೋಳು ಏನಾದ್ರೂ ಗೆದ್ದಳೋ, ನೀವು ಮಹಡಿ ಮೇಲಿರಲ್ಲ, ನೋಡಿ."

ಹನುಮೇಶನ ಕ್ಲಾಸಿನಲ್ಲಿ ಪುಟ ಬರೆಯುವುದರವರೆಗೆ ಪಾಠ ಆಗಿತ್ತು. ಬರೆದ ಪುಟವನ್ನು ಲೋಕಕ್ಕೆ ಕಾಣಿಸುವುದು ಹೇಗೆ ಎಂಬುದು ಮುಂದಿನ ತಿಂಗಳ ಪಾಠ. ಅವನು ಮೇಡಂ ಅವರನ್ನು ಕಾಡಿ ಬೇಡಿ ಒಂದು ಸಂಜೆಯಲ್ಲಿ ಅದನ್ನು ಹೇಳಿಸಿಕೊಂಡು ಬಂದ. ನನಗೆ ತಿಳಿದ ಮಟ್ಟಿಗೆ ವಿಷಯ ಇಷ್ಟು: ಸದಾ ಎಚ್ಚರವಾಗಿರುವ ದೊಡ್ಡ ಕಂಪ್ಯೂಟರು ಒಂದು ಎಲ್ಲೋ ಇರುತ್ತದೆ, ಅದಕ್ಕೆ ಸರ್ವರ್ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ಜಾಗವನ್ನು ವರ್ಷದ ಲೆಕ್ಕಕ್ಕೆ ಹಿಡಿಯಬೇಕು. ಒಳಗೆ ಹೋಗಲು ಒಂದು ಹೆಸರು, ಒಂದು ಪಾಸ್‌ವರ್ಡು. ಪುಟವನ್ನು ಅಲ್ಲಿ ಇಟ್ಟು ಬಂದರೆ ಯಾರು ಎಲ್ಲಿಂದ ಬೇಕಾದರೂ ನೋಡಬಹುದು. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು.

ಚಿಕ್ಕಣ್ಣನವರಿಗೆ ಇದು ತಕ್ಷಣ ಅರ್ಥವಾಯಿತು. ಮೂರು ಪೋರ್ಷನ್ ಬಾಡಿಗೆಗೆ ಕೊಟ್ಟವರಿಗೆ ಅರ್ಥವಾಗದೆ ಇನ್ನಾರಿಗೆ ಆಗಬೇಕು?

"ಎಲ್ಲಿದೆ ಈ ಕಂಪ್ಯೂಟರು?"

"ಅಮೆರಿಕಾದಾಗ ಐತ್ರಿ."

"ಅಷ್ಟು ದೂರ ಯಾಕಯ್ಯಾ? ನಾಗರಭಾವಿ ಕಡೆ ಸಿಗಲ್ವಾ?"

"ಇಲ್ರಿ. ಸೋವಿದು ಅಂದ್ರ ಅಲ್ಲೇ."

"ನಾನೊಬ್ನೇನಾ ಅದ್ರಲ್ಲಿ?"

"ಇಲ್ರಿ, ಹಂಚ್ಕೊಂಡು ಇರೂದು. ನೂರಾರು ಮಂದಿ ಇರ್ತಾರ."

ಚಿಕ್ಕಣ್ಣನವರ ಮುಖ ಗಂಭೀರವಾಯಿತು. "ಯಾವ ಥರದ ಜನ? ಸಂಸಾರಸ್ಥರಾ, ಬ್ಯಾಚುಲರ್ಸಾ? ಗಲಾಟೆ ಗಿಲಾಟೆ? ಪಕ್ಕದೋನು ಏನೋ ಮಾಡ್ಕೊಂಡು ಪೊಲೀಸ್ನೋರು ಬಂದ್ರೆ ನಮ್ಮ ಬಾಗಿಲೂ ಬಡೀತಾರೆ. ಕೇಳಿದ್ಯಾ?"

ಹನುಮೇಶ ಕೇಳಿರಲಿಲ್ಲ. ಮಾರನೇ ದಿನ ಅವನು ಆ ಕಂಪನಿಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದು, ನೆರೆಯ ವೆಬ್‌ಸೈಟುಗಳ ನಡತೆ ಹೇಗೆ ಎಂದು ವಿಚಾರಿಸಿದ. ಅವರು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಚಿಕ್ಕಣ್ಣನವರು ಒಳ್ಳೆಯ ದಿನ ನೋಡಿ ಜಾಗ ಹಿಡಿಸಿದರು.

ಇನ್ನು ಪುಟ. ಹಿಡಿದ ಜಾಗ ಚಿಕ್ಕದು, ಚಿಕ್ಕಣ್ಣನವರು ಕೊಟ್ಟ ಫೋಟೋ ದೊಡ್ಡದು. ಮೈಸೂರು ಪೇಟ ಸುತ್ತಿಕೊಂಡು, ಯಾರೋ ಸಾಲ ಕೇಳಿದಂತೆ ಮುಖ ಮಾಡಿ, ರಾಜಾಜಿನಗರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಣ್ಣ ತೆಗೆದರೆ ಫೈಲು ಚಿಕ್ಕದಾಗುತ್ತದೆ ಎಂದು ಮೇಡಂ ಹೇಳಿದ್ದರಿಂದ ಹನುಮೇಶ ಬಣ್ಣ ತೆಗೆದ. ಬಣ್ಣ ಹೋದ ಮೇಲೆ ತೀರಾ ಬೋಳು ಎನಿಸಿತು. ಉಚಿತವಾಗಿ ಸಿಗುವ ಚಿತ್ರಗಳಲ್ಲಿ ಹುಡುಕಿ ಸುತ್ತಲೂ ಒಂದು ಚೆಂಡುಹೂವಿನ ಹಾರ ಹಾಕಿದ. ಷಾಮಿಯಾನದವರೆಂದರೆ ಶುಭಕಾರ್ಯದವರಲ್ಲವೆ ಎಂದು ಎರಡು ಪಕ್ಕಕ್ಕೂ ಒಂದೊಂದು ದೀಪ ಇಟ್ಟ. ದೀಪಗಳು ನಿಜವಾಗಿಯೂ ಮಿಣುಕುತ್ತಿದ್ದವು. ಕೆಳಗೆ, "ಎಲ್ಲಾ ಶುಭ ಸಮಾರಂಭಗಳಿಗೆ ನಗುಮುಖದ ಸೇವೆ" ಎಂದು ಕನ್ನಡದಲ್ಲಿ ಬರೆದು, ಬೆಳ್ಳಿಹಬ್ಬದ ನೆನಪಿಗೆ 1979 – 2004 ಎಂದು ಸೇರಿಸಿದ. ಪುಟ ತೆರೆದೊಡನೆ ಕೊಳಲು ನುಡಿಯುವಂತೆಯೂ ಮಾಡಿದ.

ಕ್ಲಾಸಿನ ಕಂಪ್ಯೂಟರಿನಲ್ಲಿ ಎಲ್ಲಾ ಚೆನ್ನಾಗಿಯೇ ಕಂಡಿತು. ಆದರೆ ಆ ಕಾಲದಲ್ಲಿ ನೋಡುವವರ ಕಂಪ್ಯೂಟರಿನಲ್ಲೂ ಅದೇ ಕನ್ನಡ ಫಾಂಟು ಇಲ್ಲದಿದ್ದರೆ ಅಕ್ಷರಗಳ ಬದಲು ಹುಳುಹುಪ್ಪಟೆ ಹರಿದಂತೆ ಕಾಣುತ್ತಿತ್ತು. ಅದು ಫಾಂಟುಗಳ ಪಾಠ, ಇನ್ನೂ ಬಂದಿರಲಿಲ್ಲ.

ಶನಿವಾರ ಬೆಳಗಾಗುತ್ತಲೇ ಚಿಕ್ಕಣ್ಣನವರು ಸಾತನೂರಿನ ಆಚೆ ಒಂದು ಮದುವೆಗೆ ಟೆಂಪೋದಲ್ಲಿ ಸಾಮಾನು ತುಂಬಿಕೊಂಡು ಹೊರಟರು. ಅಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ. "ಭಾನುವಾರ ಮಧ್ಯಾಹ್ನಕ್ಕೆ ಬರ್ತೀನಿ. ಬೀಗ್ರು ಮುಂಚೆ ಬಂದ್ರೆ ಕೂರ್ಸಿ, ಕೇಸರಿಬಾತ್ ಕೊಡು" ಎಂದು ಹೆಂಡತಿ ವೆಂಕಟಲಕ್ಷ್ಮಮ್ಮನವರಿಗೆ ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ಕೆಂಗೇರಿ ಉಪನಗರದಲ್ಲಿ ಬೈರಯ್ಯನವರ ಕುಟುಂಬ ಕಂಪ್ಯೂಟರಿನ ಮುಂದೆ ಕೂತಿತು. ಮೊದಲು ಕೊಳಲು ಕೇಳಿಸಿತು. ಆಮೇಲೆ ಮೇಲಿನಿಂದ ನಿಧಾನವಾಗಿ ಪೇಟ, ಹಣೆ, ಮೀಸೆ ಇಳಿದು ಬಂದವು. ಆಮೇಲೆ ಹಾರ. ಆಮೇಲೆ ಒಂದು ದೀಪ. ಸ್ವಲ್ಪ ತಡೆದು ಇನ್ನೊಂದು. ಕೆಳಗೆ ಹುಳುಹುಪ್ಪಟೆಯ ಸಾಲು, ಅದರಲ್ಲಿ ಓದಲು ಬಂದದ್ದು ಇಸವಿ ಮಾತ್ರ.

ಬೈರಯ್ಯನವರ ಹೆಂಡತಿ ಸೆರಗು ಬಾಯಿಗೆ ಹಿಡಿದರು. "ಅಯ್ಯೋ ಶಿವನೇ! ಬುಧವಾರ ಚೆನ್ನಾಗೇ ಇದ್ರಲ್ಲಾ!"

"ಅಪ್ಪಾ, ಇಸವಿ ನೋಡಿ" ಎಂದ ರೇವಂತ. "ಎಪ್ಪತ್ತೊಂಬತ್ತರಿಂದ ಎರಡು ಸಾವಿರದ ನಾಲ್ಕು ಅಂದ್ರೆ ಬರೀ ಇಪ್ಪತ್ತೈದು ವರ್ಷ ಆಯ್ತು. ಅವರ ಮಗಳಿಗೇ ಇಪ್ಪತ್ಮೂರು."

"ಹುಟ್ಟಿದ ಇಸವಿ ಎಲ್ರೂ ತಪ್ಪು ಹಾಕ್ತಾರೆ ಕಣೋ. ನಂದೇ ಶಾಲೇಲಿ ಬೇರೆ ಇದೆ. ಹೋದ ಇಸವಿ ಯಾರು ತಪ್ಪು ಹಾಕ್ತಾರೆ?" ಬೈರಯ್ಯನವರು ಎದ್ದು ನಿಂತರು. "ನೋಡು, ಸತ್ತೋದ್ರೂ ಮಾತಿಗೆ ತಪ್ಪಲಿಲ್ಲ. ಭಾನುವಾರ ಅಂದ್ರು, ಭಾನುವಾರಕ್ಕೆ ಹಾಕಿಸೇ ಇದಾರೆ. ದೊಡ್ಡ ಮನುಷ್ಯ."

ಸಾವಿನ ಮನೆಗೆ ಫೋನ್ ಮಾಡಿ "ಬರಬಹುದಾ" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬೈರಯ್ಯನವರು ಫೋನ್ ಮಾಡಿದ್ದು ತಮ್ಮ ಕಡೆಯವರಿಗೆ. ಮಾಗಡಿಯ ಸೋದರಮಾವನಿಗೆ ವೆಬ್‌ಸೈಟಿನ ವಿಳಾಸವನ್ನೂ ಒಂದೊಂದೇ ಅಕ್ಷರವಾಗಿ ಹೇಳಿದರು. ಆಮೇಲೆ ಬಿಳಿ ಪಂಚೆ ಉಟ್ಟು, ಸುಮೋ ಹತ್ತಿ, ದಾರಿಯಲ್ಲಿ ನಾಯಂಡಹಳ್ಳಿಯಲ್ಲಿದ್ದ, ಈ ಸಂಬಂಧ ಮೊದಲು ಹೇಳಿದ್ದ, ಚಿಕ್ಕಣ್ಣನವರ ಅಕ್ಕ ಪಟಾಲಮ್ಮನವರಿಗೆ ವಿಷಯ ತಿಳಿಸಿ, ಅವರನ್ನೂ ಹತ್ತಿಸಿಕೊಂಡರು. ಪಟಾಲಮ್ಮನವರು ಮೈಸೂರು ರಸ್ತೆಯಲ್ಲಿ ಶುರು ಮಾಡಿದ ಅಳು ಬಸವೇಶ್ವರನಗರದವರೆಗೆ ಒಂದೇ ಸ್ಥಾಯಿಯಲ್ಲಿ ಬಂತು.

ಇತ್ತ ವೆಂಕಟಲಕ್ಷ್ಮಮ್ಮನವರು ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದರು. ಸುಮೋ ನಿಂತ ಸದ್ದಿಗೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಗುತ್ತಾ ಬಾಗಿಲಿಗೆ ಬಂದರು. ಎಲ್ಲರೂ ಬಿಳಿ ಬಟ್ಟೆಯಲ್ಲಿ ಇಳಿಯುವುದನ್ನು ನೋಡಿ, ಕೆಂಗೇರಿ ಕಡೆ ಶಾಸ್ತ್ರ ಹೀಗೇ ಇರಬೇಕು ಎಂದುಕೊಂಡರಂತೆ.

"ಪಾಪ, ತಲೆ ನಿಂತಿಲ್ಲ" ಎಂದು ಬೈರಯ್ಯನವರು ಹೆಂಡತಿಯ ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ಪಟಾಲಮ್ಮನವರು ನಾದಿನಿಯ ಕೊರಳಿಗೆ ಬಿದ್ದರು. "ಅಯ್ಯೋ ನನ್ನ ತಮ್ಮಾ! ನಿನ್ನ ಎತ್ತಿ ಆಡಿಸಿದ ಕೈ ಇದು! ನನ್ನ ಬಿಟ್ಟು ಹೆಂಗೆ ಹೊಂಟ್ಯೋ!"

ವೆಂಕಟಲಕ್ಷ್ಮಮ್ಮನವರ ಗಂಡ ಟೆಂಪೋ ಹತ್ತಿ ಹೋದವರು ಹೋದಂತೆ, ಒಂದು ಫೋನಿಲ್ಲ. ಈಗ ಸ್ವಂತ ಅಕ್ಕ ಬಂದು ಅಳುತ್ತಿದ್ದಾಳೆ. ಅವರಿಗೆ ಇನ್ನೇನು ಬೇಕು? ತಟ್ಟೆ ಕೈಜಾರಿತು.

ಹೀಗೆ ಬಂದವರು, ಮನೆಯವರಿಗೆ ಎಲ್ಲಾ ಗೊತ್ತಿದೆ ಎಂದುಕೊಂಡರು. ಮನೆಯವರು, ಬಂದವರು ಸುದ್ದಿ ತಂದಿದ್ದಾರೆ ಎಂದುಕೊಂಡರು. ಒಬ್ಬರ ಅಳು ಇನ್ನೊಬ್ಬರಿಗೆ ಸಾಕ್ಷಿ. ನ್ಯಾಯಾಲಯದಲ್ಲಿ ಕೂಡ ಇದಕ್ಕಿಂತ ಹೆಚ್ಚು ಸಾಕ್ಷಿ ಕೇಳುವುದಿಲ್ಲ.

ಎದುರುಮನೆಯ ಅಂಜಿನಯ್ಯನವರು ದಾಪುಗಾಲಿಟ್ಟು ಬಂದರು. ಜನನ ಮರಣ ನೋಂದಣಿ ವಿಭಾಗದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಿವೃತ್ತಿಯಾದಂದಿನಿಂದ ಅವರ ಕೈಗೆ ಇಷ್ಟು ಹತ್ತಿರದ ಕೆಲಸ ಸಿಕ್ಕಿರಲಿಲ್ಲ.

"ಎಷ್ಟು ಹೊತ್ತಿಗೆ ತರ್ತಾರೆ?" ಎಂದು ಬೈರಯ್ಯನವರನ್ನು ಕೇಳಿದರು.

"ಅದನ್ನ ಮನೆಯೋರೇ ಹೇಳ್ಬೇಕು."

ಅಂಜಿನಯ್ಯನವರು ಒಳಗೆ ಹೋಗಿ ಬಂದರು. "ಮನೆಯೋರು ನೀವೇ ತರ್ತೀರಾ ಅಂತಿದಾರೆ."

"ನಾವಾ? ನಾವು ಒಂದು ಹಾರ ತಂದಿದೀವಿ ಅಷ್ಟೇ."

"ಇರ್ಲಿ ಬಿಡಿ, ಬರೋರು ಬರ್ತಾರೆ. ಮೊದ್ಲು ನೆರಳಾಗ್ಲಿ" ಎಂದು ಅಂಜಿನಯ್ಯನವರು ತಮಗೆ ಗೊತ್ತಿದ್ದ ಒಂದೇ ಷಾಮಿಯಾನದ ನಂಬರಿಗೆ ಫೋನ್ ಮಾಡಿದರು. ಅದು ಚಿಕ್ಕಣ್ಣನವರ ಗೋಡೌನು. ಅಲ್ಲಿನ ಮೇಸ್ತ್ರಿ ವಿಠ್ಠಲ ಎತ್ತಿಕೊಂಡ.

"ನಿಮ್ಮ ಓನರ್ ಮನೆ ಮುಂದೆ ಒಂದು ಷಾಮಿಯಾನ ಹಾಕ್ಬೇಕಲ್ಲಪ್ಪಾ."

"ಬಣ್ಣದ್ದಾ ಸಾರ್, ಬಿಳೀದಾ?"

"ಬಿಳೀದು."

ಬಿಳಿಯದು ಎಂದ ಮೇಲೆ ಯಾರು ಏನು ಎಂದು ಕೇಳಬಾರದು ಎಂಬುದು ಆ ಕಸುಬಿನ ಮರ್ಯಾದೆ. ಚಿಕ್ಕಣ್ಣನವರೇ ಕಲಿಸಿದ್ದು. ಸ್ವಲ್ಪ ಹೊತ್ತಿನಲ್ಲಿ ಅವರ ಆಳುಗಳು, ಅವರ ಕಂಬಗಳನ್ನೇ ಅವರ ಮನೆಯ ಮುಂದೆ ನೆಟ್ಟು, ಕುರ್ಚಿ ಸಾಲು ಹಾಕಿ, ತಾವೂ ಕೈಕಟ್ಟಿ ನಿಂತರು.

ಮಹಡಿಯಲ್ಲಿ ಹನುಮೇಶ ಗಡ್ಡ ಹೆರೆದುಕೊಳ್ಳುತ್ತಿದ್ದ. ಗದ್ದಲ ಕೇಳಿ ಅರ್ಧ ಸೋಪಿನ ಮುಖದಲ್ಲೇ ಇಳಿದು ಬಂದ. ಗೇಟಿನಿಂದ ದಿವ್ಯ ಓಡಿ ಬಂದಳು. ತಾಂಬೂಲದ ದಿನವೆಂದು ಬ್ಯೂಟಿ ಪಾರ್ಲರಿನಲ್ಲಿ ಕೂತವಳು, ಒಂದು ಹುಬ್ಬು ತಿದ್ದಿಸಿ ಇನ್ನೊಂದನ್ನು ಹಾಗೇ ಬಿಟ್ಟು ಬಂದಿದ್ದಳು.

"ಯಾರು ಹೇಳಿದ್ದು? ಯಾರು ನೋಡಿದ್ರು ಅಪ್ಪನ್ನ?" ಎಂದು ಅಳುತ್ತಲೇ ಕೇಳಿದಳು. ಅಷ್ಟು ಹೊತ್ತಿನಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ.

"ನಾವೆಲ್ಲಾ ನೋಡಿದ್ವಿ ಕಣಮ್ಮಾ" ಎಂದರು ಬೈರಯ್ಯನವರು. "ಇಂಟರ್‌ನೆಟ್ಟಲ್ಲೇ ಬಂದಿದೆ. ಹಾರ ಹಾಕಿ, ದೀಪ ಹಚ್ಚಿದಾರೆ. ಎರಡು ದೀಪ."

ಹನುಮೇಶನ ಮುಖದ ಸೋಪು ಕೆಳಗೆ ಬಿತ್ತು. "ಸರ, ಅದು... ಅದು ನಾ ಹಚ್ಚಿದ್ದರಿ."

"ಪುಣ್ಯ ಬರ್ಲಿ ನಿನಗೆ!" ಎಂದು ಪಟಾಲಮ್ಮನವರು ಅವನ ತಲೆ ನೇವರಿಸಿ ಇನ್ನೂ ಜೋರಾಗಿ ಅತ್ತರು.

"ಹಂಗಲ್ರೀ ಅಮ್ಮಾ, ಸಾಹುಕಾರ್ರು ಸತ್ತಿಲ್ಲ! ಅದು ಬರೇ ಡಿಸೈನ್ರೀ!"

ಬೈರಯ್ಯನವರು ಅವನ ಭುಜ ಹಿಡಿದರು. "ನೋಡಪ್ಪಾ, ನಿನ್ನ ಸಂಕಟ ಅರ್ಥ ಆಗುತ್ತೆ. ಆದ್ರೆ ಅಮೆರಿಕಾದ ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ದಿವ್ಯ ಕಣ್ಣೊರೆಸಿಕೊಂಡಳು. ಹನುಮೇಶನನ್ನು ಒಂದು ಸಲ ಕೆಕ್ಕರಿಸಿ ನೋಡಿ, ತೋಳು ಹಿಡಿದೆಳೆದು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹಾವನೂರು ಸರ್ಕಲ್ಲಿನ ಬ್ರೌಸಿಂಗ್ ಸೆಂಟರಿಗೆ ಹೊಡೆದಳು. "ಮೊದ್ಲು ಅದನ್ನ ತೆಗೀರಿ. ಆಮೇಲೆ ನಿಮ್ಮನ್ನ ನೋಡ್ಕೋತೀನಿ."

ತೆಗೆಯುವುದು ಅಷ್ಟು ಕಷ್ಟವಲ್ಲ; ಪಾಸ್‌ವರ್ಡು ಒಂದಿದ್ದರೆ ಸಾಕು. ಹನುಮೇಶ ಅದನ್ನು ಯಾರೂ ಕದಿಯದಿರಲೆಂದು ತುಂಬಾ ಕಷ್ಟದ್ದು ಇಟ್ಟಿದ್ದ. ಒಮ್ಮೆ ಹೊಡೆದ, ತಪ್ಪು. ಇನ್ನೊಮ್ಮೆ ಹೊಡೆದ, ತಪ್ಪು. ಮತ್ತೊಮ್ಮೆ ಹೊಡೆದಾಗ, ನಿಮ್ಮ ಸುರಕ್ಷತೆಗಾಗಿ ಖಾತೆಗೆ ಬೀಗ ಹಾಕಿದ್ದೇವೆ, ಬೀಗ ತೆಗೆಯುವ ದಾರಿಯನ್ನು ನಿಮ್ಮ ಇ-ಮೇಲಿಗೆ ಕಳಿಸಿದ್ದೇವೆ ಎಂದು ಬಂತು.

"ಸರಿ, ಇ-ಮೇಲ್ ತೆಗೀರಿ" ಎಂದಳು ದಿವ್ಯ.

"ಅದು ಸಾಹುಕಾರ್ರ ಹೆಸರಿನ ಹೊಸಾ ಇ-ಮೇಲ್ರೀ. ಅದನ್ನೂ ಈ ಖಾತೆ ಒಳಗೇ ಮಾಡೀನಿ."

"ಅಂದ್ರೆ ಬೀಗದ ಕೈ ಮನೆ ಒಳಗಿದೆ, ನಾವು ಹೊರಗಿದೀವಿ?"

"ಹೌದ್ರಿ."

ವೆಬ್‌ಸೈಟ್ ಮಾಡಬೇಕೆಂದಿರುವವರು ಇದೊಂದನ್ನು ದಯವಿಟ್ಟು ಗಮನದಲ್ಲಿಡಬೇಕು.

ಉಳಿದದ್ದು ಒಂದೇ ದಾರಿ. ಕಂಪನಿಯ ಪುಟದ ಮೂಲೆಯಲ್ಲಿ ಒಂದು ಕಿಟಕಿ ಇತ್ತು. ಅದರಲ್ಲಿ ಬರೆದರೆ ಆ ಕಡೆಯಿಂದ ಒಬ್ಬ ಮನುಷ್ಯ ಉತ್ತರ ಬರೆಯುತ್ತಾನೆ. ಅವನ ಹೆಸರು ಕೆವಿನ್. ಹನುಮೇಶ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದ: ನಮ್ಮ ಮಾಲೀಕರು ವೆಬ್‌ಸೈಟಿನಲ್ಲಿ ಸತ್ತಿದ್ದಾರೆ, ಸಾತನೂರಿನಲ್ಲಿ ಬದುಕಿದ್ದಾರೆ, ದಯಮಾಡಿ ಬೇಗ ತೆಗೆದುಹಾಕಿ.

ಕೆವಿನ್ ತುಂಬಾ ಒಳ್ಳೆಯ ಹುಡುಗನಿರಬೇಕು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದ. ಖಾತೆದಾರರು ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರದ ಪ್ರತಿ ಕಳಿಸಿ, ಖಾತೆಯನ್ನು ನಿಮಗೆ ವಹಿಸಿಕೊಡುತ್ತೇವೆ ಎಂದ.

ಇಬ್ಬರೂ ಮನೆಗೆ ವಾಪಸು ಬಂದು ಇದನ್ನು ಹೇಳಿದಾಗ ಅಂಜಿನಯ್ಯನವರು ಒಬ್ಬರೇ ಗೆಲುವಾದರು. "ಅಷ್ಟೇ ತಾನೆ? ಅರ್ಜಿ ನಾನು ಬರ್ಕೊಡ್ತೀನಿ. ಯಾವ ಹೊತ್ತಿಗೆ ಪ್ರಾಣ ಹೋಯ್ತು, ಅದೊಂದು ಹೇಳಿ."

ಆಗ ಬೀದಿಯ ತುದಿಯಲ್ಲಿ ಟೆಂಪೋ ತಿರುಗಿತು.

ಮಾಮೂಲಿ ಮನುಷ್ಯನಾಗಿದ್ದರೆ ತನ್ನ ಮನೆಯ ಮುಂದೆ ಬಿಳಿ ಷಾಮಿಯಾನ ಕಂಡು ಎದೆ ಒಡೆದುಕೊಳ್ಳುತ್ತಿದ್ದ. ಚಿಕ್ಕಣ್ಣನವರು ಕಸುಬಿನವರು. ಅವರ ಕಣ್ಣು ನೇರವಾಗಿ ಮೂಲೆಯ ಕಂಬಕ್ಕೆ ಹೋಯಿತು.

"ಯಾವನಲೇ ಇದನ್ನ ನೆಟ್ಟೋನು? ಕಂಬ ಸೊಟ್ಟ! ಹಗ್ಗ ನೋಡು, ಬಟ್ಟೆ ಒಣಗಹಾಕಿದಂಗೆ ಕಟ್ಟವ್ನೆ! ನನ್ನ ಮಾಲು ನನ್ನ ಕೇಳ್ದಂಗೆ ತಂದಿದೀರಾ? ವಿಠ್ಠಲಾ! ಯಾರ್ ಸತ್ತಿದ್ದು?"

ವಿಠ್ಠಲ ಮಾಲೀಕರನ್ನು ನೋಡಿದ. ಏನು ಹೇಳಿದರೂ ಬೈಗುಳ ತಪ್ಪಿದ್ದಲ್ಲ ಎಂದು ತಿಳಿದು ಸೊಟ್ಟ ಕಂಬವನ್ನು ನೆಟ್ಟಗೆ ಮಾಡಲು ಹೋದ. ಕುರ್ಚಿಯಲ್ಲಿ ಕೂತಿದ್ದವರೆಲ್ಲಾ ಒಟ್ಟಿಗೆ ಎದ್ದರು. ಪಟಾಲಮ್ಮನವರ ಅಳು ಮಧ್ಯದಲ್ಲೇ ನಿಂತಿತು. ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಬದ್ಕಿದ್ಯಾ? ಹೇಳೋಕಾಗಲ್ವೇನೋ ಮುಂಡೇದೇ? ಗಂಟಲು ಕಟ್ಟೋಯ್ತು!" ಎಂದು ಹಾರದಲ್ಲೇ ಬಾರಿಸಿದರು. ವೆಂಕಟಲಕ್ಷ್ಮಮ್ಮನವರು ಓಡಿ ಬಂದು ಗಂಡನ ಕೈ ಹಿಡಿದುಕೊಂಡವರು ಸಂಜೆಯವರೆಗೆ ಬಿಡಲಿಲ್ಲ.

ವಿಷಯವೆಲ್ಲಾ ತಿಳಿದ ಮೇಲೆ ಚಿಕ್ಕಣ್ಣನವರು ಹನುಮೇಶನನ್ನು ಬೈಯಲು ಬಾಯಿ ತೆರೆದರು. ಆದರೆ ಬೈರಯ್ಯನವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಬೀಗ್ರೆ, ಎಲ್ಲಿಗೆ ಹೊರಟ್ರಿ? ಎಲ್ಲಾ ಸರಿ ಹೋಯ್ತಲ್ಲ. ತಾಂಬೂಲ..."

"ಹೆಂಗೆ ಸರಿ ಹೋಯ್ತು? ನೀವಿಲ್ಲಿ ನಿಂತಿದೀರಿ, ಅಲ್ಲಿ ನಿಮ್ಮ ಮುಂದೆ ದೀಪ ಉರೀತಾ ಇದೆ. ಮಾಗಡಿಯಿಂದ ಮಾವ ನೋಡ್ತಾ ಕೂತಿದಾರೆ. ದೀಪ ಹಚ್ಚಿರೋ ಮನುಷ್ಯನ ಕೈಯಿಂದ ತಾಂಬೂಲ ತಗೊಂಡ ಅಂತ ನಾಳೆ ನಮ್ಮ ಜನ ನನ್ನ ಮನೆಗೆ ಬರ್ತಾರಾ? ರಾಹುಕಾಲ ಬರೋದ್ರೊಳಗೆ ಆ ಫೋಟೋ ತೆಗೆದ್ರೆ ಸರಿ. ಇಲ್ಲಾಂದ್ರೆ ನಾನು ರಾಮನಗರಕ್ಕೆ ಹೇಳಿಕಳಿಸ್ತೀನಿ."

ರೇವಂತ "ಅಪ್ಪಾ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ದಿವ್ಯಳ ತಿದ್ದಿದ ಹುಬ್ಬು ಮೇಲೇರಿತು, ತಿದ್ದದ ಹುಬ್ಬು ಕೆಳಗೇ ಉಳಿಯಿತು. "ಎಲ್ರೂ ನಡೀರಿ ಬ್ರೌಸಿಂಗ್ ಸೆಂಟರಿಗೆ" ಎಂದಳು.

ಬಿಳಿ ಪಂಚೆಗಳು, ರೇಷ್ಮೆ ಸೀರೆ, ಟೆಂಪೋ ಆಳುಗಳು ಎಲ್ಲಾ ಒಂದೇ ಸಲಕ್ಕೆ ನುಗ್ಗಿದಾಗ ಬ್ರೌಸಿಂಗ್ ಸೆಂಟರಿನಲ್ಲಿ ಕೂತಿದ್ದ ಹುಡುಗರು, ಯಾರದೋ ಮನೆಯ ಹಿರಿಯರು ಹುಡುಕಿಕೊಂಡು ಬಂದರೆಂದು ಹಿಂಬಾಗಿಲಿನಿಂದ ಓಡಿದರು. ಹನುಮೇಶ ಮತ್ತೆ ಕಿಟಕಿ ತೆರೆದ. ಈ ಸಲವೂ ಕೆವಿನ್ನೇ ಸಿಕ್ಕಿದ.

ಖಾತೆದಾರರು ಬದುಕಿದ್ದಾರೆ, ನನ್ನ ಪಕ್ಕದಲ್ಲೇ ಕೂತಿದ್ದಾರೆ ಎಂದು ಹನುಮೇಶ ಬರೆದ.

ಕೇಳಿ ಸಂತೋಷವಾಯಿತು ಎಂದ ಕೆವಿನ್. ಅವರೇ ಎಂದು ಖಚಿತ ಮಾಡಿಕೊಳ್ಳಬೇಕು ಎಂದ.

ಚಿಕ್ಕಣ್ಣನವರು ತೆರೆಗೆ ಮುಖ ಹತ್ತಿರ ತಂದು, "ನಾನೇ ಸ್ವಾಮಿ! ಚಿಕ್ಕಣ್ಣ! ಬದುಕಿದೀನಿ!" ಎಂದು ಕಿರುಚಿದರು. ಕೆವಿನ್ನಿಗೆ ಕೇಳಿಸಲಿಲ್ಲ. ಅವನು ಒಂದು ಪ್ರಶ್ನೆ ಕೇಳಿದ. ಖಾತೆ ತೆರೆಯುವಾಗ ಇದಕ್ಕೆ ನೀವು ಕೊಟ್ಟ ಉತ್ತರವನ್ನೇ ಈಗಲೂ ಕೊಡಬೇಕು: ನಿಮ್ಮ ತಾಯಿಯವರಿಗೆ ಮದುವೆಗೆ ಮುಂಚೆ ಇದ್ದ ಮನೆತನದ ಹೆಸರೇನು?

ಹನುಮೇಶ ಅದನ್ನು ಕನ್ನಡದಲ್ಲಿ ಓದಿದ. ಎಲ್ಲರೂ ಚಿಕ್ಕಣ್ಣನವರ ಕಡೆ ತಿರುಗಿದರು.

"ನಮ್ಮಮ್ಮಂಗಾ?" ಎಂದರು ಚಿಕ್ಕಣ್ಣನವರು. "ಮದುವೆಗೆ ಮುಂಚೆ ಅವಳು ಹೊಂಬಾಳಮ್ಮ. ಮದುವೆ ಆದ್ಮೇಲೂ ಹೊಂಬಾಳಮ್ಮ."

ಹನುಮೇಶ ಬರೆದ. ಅಲ್ಲ ಎಂದ ಕೆವಿನ್.

"ಮೇಲಿನಮನೆ ಅಂತ ಹಾಕು" ಎಂದರು ಪಟಾಲಮ್ಮನವರು. "ನಮ್ಮ ಅಜ್ಜಿ ಮನೇನ ಹಂಗೇ ಕರೀತಿದ್ದಿದ್ದು." ಅಲ್ಲ.

"ಊರಿನ ಹೆಸರು ಹಾಕಪ್ಪಾ, ಕೂಟಗಲ್ಲು" ಎಂದರು ವೆಂಕಟಲಕ್ಷ್ಮಮ್ಮನವರು. ಅಲ್ಲ.

"ತಂದೆ ಹೆಸರು ಕೊಡಿ" ಎಂದರು ಅಂಜಿನಯ್ಯನವರು. "ಕಚೇರೀಲಿ ಹೆಂಗಸರಿಗೆಲ್ಲಾ ತಂದೆ ಹೆಸರು, ಇಲ್ಲಾ ಗಂಡನ ಹೆಸರು. ಮೂರನೇದು ಇಲ್ವೇ ಇಲ್ಲ." ತಂದೆಯ ಹೆಸರೂ ಅಲ್ಲ. ಬೈರಯ್ಯನವರು ಗಡಿಯಾರ ನೋಡಿದರು. ಕೆವಿನ್ ಇನ್ನೊಂದೇ ಅವಕಾಶ ಎಂದ.

"ಏನ್ ಬರ್ದಿದ್ಯೋ ನೀನು?" ಎಂದು ಚಿಕ್ಕಣ್ಣನವರು ಹನುಮೇಶನ ಕುರ್ಚಿ ಅಲ್ಲಾಡಿಸಿದರು.

"ನೆನಪಿಲ್ರೀ!" ಹನುಮೇಶನಿಗೆ ಅಳು ಬಂದಿತ್ತು. ಎಲ್ಲಾ ಮುಗಿಯಿತು ಎಂದು ತಿಳಿದು, ಕೊನೆಯದಾಗಿ ಕೆವಿನ್ನಿಗೆ ಇದ್ದದ್ದನ್ನು ಹೇಳಿಬಿಡೋಣವೆಂದು ಹೊರಟ. ಸ್ವಾಮಿ, ನಮ್ಮಲ್ಲಿ ತಾಯಂದಿರಿಗೆ ಹಾಗೆ ಎರಡೆರಡು ಮನೆತನದ ಹೆಸರು ಇರುವುದಿಲ್ಲ, ಈ ಪ್ರಶ್ನೆ ನಮಗೆ ಅನ್ವಯಿಸುವುದೇ ಇಲ್ಲ ಎಂದು ವಿವರವಾಗಿ ಬರೆಯಬೇಕೆಂದಿದ್ದ. ಅವಸರದಲ್ಲಿ "ನಾಟ್ ಅಪ್ಲಿಕೇಬಲ್" ಎಂದಷ್ಟೇ ಹೊಡೆದು ಬೆರಳು ಜಾರಿ ಕಳಿಸಿಬಿಟ್ಟ.

ಧನ್ಯವಾದ, ಉತ್ತರ ಸರಿಯಾಗಿದೆ ಎಂದ ಕೆವಿನ್. ಬೀಗ ತೆಗೆದಿದ್ದೇನೆ.

ಸುಳ್ಳು ಬರೆಯಲು ಮನಸ್ಸಾಗದೆ ಹನುಮೇಶ ಅರ್ಜಿ ತುಂಬುವಾಗಲೂ ಅದನ್ನೇ ಬರೆದಿದ್ದ. ಟೆಂಪೋ ಆಳುಗಳು ಶಿಳ್ಳೆ ಹೊಡೆದರು. ಹನುಮೇಶ ಫೋಟೋ ತೆಗೆದ, ಹಾರ ತೆಗೆದ. ದೀಪ ಆರಿಸಲು ಕೈ ಇಟ್ಟಾಗ ವೆಂಕಟಲಕ್ಷ್ಮಮ್ಮನವರು "ಶುಭ ಹೊತ್ತಲ್ಲಿ ದೀಪ ಆರಿಸ್ಬೇಡ!" ಎಂದು ಕೂಗಿದ್ದರಿಂದ ಅದಕ್ಕೆ ಬೇರೆ ಪುಟ ಮಾಡಿ ಅಲ್ಲಿಗೆ ಸಾಗಿಸಬೇಕಾಯಿತು. ಕೀಬೋರ್ಡ್ ಸರಿಸಿ, ಆ ಮೇಜಿನ ಮೇಲೇ, ರಾಹುಕಾಲಕ್ಕೆ ಉಸಿರು ಬಿಡುವಷ್ಟು ಮುಂಚೆ, ತಾಂಬೂಲ ಬದಲಾಯಿತು. ರೇವಂತ ದಿವ್ಯಳ ತಿದ್ದದ ಹುಬ್ಬೇ ಚೆನ್ನಾಗಿದೆ ಎಂದನಂತೆ. ಅದು ಅವರಿಬ್ಬರ ವಿಷಯ.

"ಖಾಲಿ ಬಿಟ್ರೆ ನಮ್ಮ ಮಾಗಡಿಯೋರು ನಂಬಲ್ಲ" ಎಂದರು ಬೈರಯ್ಯನವರು. "ಬದುಕಿರೋ ಫೋಟೋ ಒಂದು ಹಾಕಿ."

ಬ್ರೌಸಿಂಗ್ ಸೆಂಟರಿನಲ್ಲಿ ಕಂಪ್ಯೂಟರಿನ ತಲೆಯ ಮೇಲೆ ಒಂದು ಸಣ್ಣ ಕ್ಯಾಮೆರಾ ಇತ್ತು. ಚಿಕ್ಕಣ್ಣನವರನ್ನು ಅದರ ಮುಂದೆ ಕೂರಿಸಿದರು.

"ಹಳೇ ಫೋಟೋ ಅಂದ್ಬಿಡ್ತಾರೆ" ಎಂದರು ಅಂಜಿನಯ್ಯನವರು. ಅವರಿಗೆ ದಾಖಲೆ ಪೂರ್ತಿಯಾಗದೆ ಸಮಾಧಾನವಿಲ್ಲ. "ಇವತ್ತಿನ ಪೇಪರ್ ಕೈಯಲ್ಲಿ ಹಿಡ್ಕೊಳ್ಳಿ. ಇನ್ನೂ ಮೇಲೆ. ತಾರೀಖು ಕಾಣ್ಬೇಕು. ನಗ್ಬೇಡಿ, ದಾಖಲೇಲಿ ಯಾರೂ ನಗಲ್ಲ. ಬೈರಯ್ಯನೋರೇ, ನೀವು ಹಿಂದೆ ನಿಂತು ಭುಜದ ಮೇಲೆ ಕೈ ಇಡಿ, ಸಾಕ್ಷಿಗೆ."

ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು. ಚಿಕ್ಕಣ್ಣನವರ ತಲೆ ಕೆದರಿತ್ತು, ಎರಡು ದಿನದ ಗಡ್ಡ. ಹನುಮೇಶ ಬಹಳ ಎಚ್ಚರದಿಂದ ಹಾರ, ದೀಪ, ಇಸವಿ ಏನೂ ಇಲ್ಲದಂತೆ ನೋಡಿಕೊಂಡು, ಆ ಫೋಟೋ ಒಂದನ್ನೇ ಹಾಕಿದ. ಕೆಳಗೆ ಕನ್ನಡದಲ್ಲಿ "ನಾನು ಕ್ಷೇಮ" ಎಂದು ಬರೆದ. ಹೊಸ ಪಾಸ್‌ವರ್ಡನ್ನು ದಿವ್ಯಳೂ ಬಾಯಿಪಾಠ ಮಾಡಿಕೊಂಡಳು. ಎಲ್ಲರೂ ಮನೆಗೆ ಬಂದು, ಬಿಳಿ ಷಾಮಿಯಾನ ಇಳಿಸಿ ಬಣ್ಣದ್ದು ಏರಿಸಿ, ಅದರ ಕೆಳಗೆ ಕೂತು ಕೇಸರಿಬಾತ್ ತಿಂದರು.

ಸೋಮವಾರ ಬೆಳಿಗ್ಗೆ ಫೋನ್ ಬಂತು. ವೆಂಕಟಲಕ್ಷ್ಮಮ್ಮನವರು ಎತ್ತಿಕೊಂಡರು. ಆ ಕಡೆ ಮಾಗಡಿಯ ಸೋದರಮಾವ, ತೀರಾ ಸಣ್ಣ ದನಿಯಲ್ಲಿ.

"ತಾಯೀ, ಫೋಟೋ ನೋಡಿದೆ. ಪೊಲೀಸ್ನೋರಿಗೆ ಮಾತ್ರ ಹೇಳ್ಬೇಡಿ, ಜೀವಕ್ಕೆ ಅಪಾಯ. ನಾವು ನಾಲ್ಕು ಜನ ಜೀಪ್ ಮಾಡ್ಕೊಂಡು ಹೊರಟಿದೀವಿ. ಹಿಂದೆ ಭುಜ ಅದುಮ್ಕೊಂಡು ನಿಂತಿರೋನು ನಮ್ಮ ಬೈರಯ್ಯನೇ ಅಲ್ವಾ? ಎತ್ತಿ ಆಡಿಸಿದೀನಿ ಅವನನ್ನ, ಇಂಥ ಕಸುಬಿಗೆ ಇಳೀತಾನೆ ಅಂದ್ಕೊಂಡಿರಲಿಲ್ಲ. ಹೇಳಿ ತಾಯೀ, ಬಿಡೋಕೆ ಎಷ್ಟು ಕೇಳ್ತಾ ಇದಾನೆ?"